ಎಮರ್ಜೆನ್ಸಿಲಿ ಮಾತಾಡೋದು ಯಾರು, ಅಮ್ಮನಾ ಮಗನಾ?

ನಮಸ್ತೇ ಮೇಡಂ,

ಹೆಸರು ಹಾಕ್ಬೇಡಿ ಅಂದಿದ್ದೀರಿ, ಹಾಕಲ್ಲ. ಬೇರೆ ಓದುಗರಿಗೆ ವಿಷಯ ಗೊತ್ತಾಗ್ಲಿ ಅಂತ ನಿಮ್ಮ ಪತ್ರದ ಸಾರಾಂಶ ಹೇಳ್ಬಿಡ್ತೀನಿ. ಮಗನಿಗೆ ಈಗ 15. ಚಿಕ್ಕವನಿದ್ದಾಗ ಮೆದುಳಲ್ಲಿ ಪಿಟ್ಯುಟರಿ ಗ್ರಂಥಿ ಹತ್ರ ಗಡ್ಡೆ ಆಗಿ ಆಪರೇಷನ್ ಆಯ್ತು, ಗಡ್ಡೆ ಹೋಯ್ತು, ಗ್ರಂಥಿನೂ ಕೈ ಕೊಡ್ತು. ದಿನಾ ಸ್ಟೀರಾಯ್ಡ್ ಮಾತ್ರೆ, ಮೂತ್ರದ ಹತೋಟಿಗೆ ಡೆಸ್ಮೊಪ್ರೆಸಿನ್, ತಲೇಲಿ ಶಂಟ್, ಅಂದ್ರೆ ಮೆದುಳಲ್ಲಿ ಹೆಚ್ಚಾದ ನೀರು ಹೊರಗೆ ಹರಿಸೋ ಕೊಳವೆ. ವಾಂತಿ ಶುರುವಾಯ್ತು ಅಂದ್ರೆ ಎಮರ್ಜೆನ್ಸಿಗೆ ಓಟ. ಹೋದ ಸಲ ಡ್ಯೂಟಿ ಡಾಕ್ಟರ್ ಅವನನ್ನ ಕೇಳಿದ್ದಕ್ಕೆಲ್ಲ ನೀವೇ ಉತ್ತರ ಕೊಟ್ರಿ, ಅವನು ಎಲ್ರ ಮುಂದೆ "ಅಮ್ಮ, ಸ್ವಲ್ಪ ಸುಮ್ನಿರ್ತೀಯಾ" ಅಂತ ಗದರಿದ. ಇನ್ಮೇಲೆ ನಾನು ಬಾಯಿ ಮುಚ್ಕೊಂಡು ನಿಂತ್ಕೋಬೇಕಾ ಅಂತ ಕೇಳಿದ್ದೀರಿ.

ಬೇಡ, ಬಾಯಿ ಮುಚ್ಕೋಬೇಡಿ. ಆದ್ರೆ ಯಾವ ಮಾತು ಯಾರದ್ದು ಅಂತ ಮೊದ್ಲೇ ಹಂಚ್ಕೊಳ್ಳಿ, ಆಸ್ಪತ್ರೆ ಬಾಗಿಲಲ್ಲಲ್ಲ, ಅವನು ಚೆನ್ನಾಗಿರೋ ದಿನ.

ಯಾಕಂದ್ರೆ ಈ ಕಾಯಿಲೇಲಿ ಮೊದಲ ವಾಕ್ಯಾನೇ ಮುಖ್ಯ. ಬೇರೆಯವರಿಗೆ ಜ್ವರ ಬಂದ್ರೆ ದೇಹ ತಾನಾಗೇ ಕಾರ್ಟಿಸೋಲ್ (ಕಾಯಿಲೆ ತಡ್ಕೊಳ್ಳೋಕೆ ಬೇಕಾದ ಹಾರ್ಮೋನ್) ಜಾಸ್ತಿ ಮಾಡ್ಕೊಳ್ಳತ್ತೆ, ಅದಕ್ಕೆ ಆರ್ಡರ್ ಕೊಡೋ ಪಿಟ್ಯುಟರಿನೇ ಕೈ ಕೊಟ್ಟಿರೋದ್ರಿಂದ ನಿಮ್ಮ ಮಗನಿಗೆ ಹೊರಗಿಂದ್ಲೇ ಕೊಡ್ಬೇಕು, ವಾಂತಿ ಆಗ್ತಿದ್ರೆ ಮಾತ್ರೆ ಹೊಟ್ಟೇಲಿ ನಿಲ್ಲಲ್ಲ, ಅದೇ ಹಾರ್ಮೋನಿನ ಔಷಧಿ ರೂಪ ಹೈಡ್ರೋಕಾರ್ಟಿಸೋನ್, ಅದರ ಇಂಜೆಕ್ಷನ್ನೇ ಗತಿ, ಬ್ಲಡ್ ರಿಪೋರ್ಟ್ ಬರ್ಲಿ ಅಂತ ಕಾಯೋ ಹಾಗೂ ಇಲ್ಲ. ತಡ ಆದ್ರೆ ಬಿಪಿ, ಶುಗರ್ ಎರಡೂ ಬೀಳತ್ತೆ, ಪ್ರಾಣಕ್ಕೇ ಬರತ್ತೆ. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದ್ರೆ ಎಮರ್ಜೆನ್ಸಿಲಿ ಮೊದಲು ಬಂದವರಿಗೆ ಮೊದಲು ಅಂತಿಲ್ಲ, ಯಾರ ಸ್ಥಿತಿ ಕೆಟ್ಟಿದೆಯೋ ಅವರಿಗೆ ಮೊದಲು, ಅಲ್ಲಿರೋ ನರ್ಸ್‌ಗೆ ನೀವು ಆಪರೇಷನ್ ಕಥೆಯಿಂದ ಶುರು ಮಾಡಿದ್ರೆ "ವಾಂತಿ ಕೇಸು, ಕೂತ್ಕೊಳ್ಳಿ" ಅಂತಾರೆ. ಹೇಳ್ಬೇಕಾದ್ದು, "ಅಡ್ರಿನಲ್ ಇನ್‌ಸಫಿಷಿಯೆನ್ಸಿ ಇದೆ, ಮಾತ್ರೆ ನಿಲ್ತಿಲ್ಲ, ಹೈಡ್ರೋಕಾರ್ಟಿಸೋನ್ ಬೇಕು, ಶಂಟ್ ಕೂಡ ಇದೆ." ಇಷ್ಟೇ. (ಮೊದಲನೇದು ಅಂದ್ರೆ ದೇಹಕ್ಕೆ ಬೇಕಾದಷ್ಟು ಕಾರ್ಟಿಸೋಲ್ ಮಾಡ್ಕೊಳ್ಳೋಕಾಗದ ಸ್ಥಿತಿ.) ಶಂಟ್ ಹೆಸರು ಬಿಡ್ಬೇಡಿ, ಅದು ಬ್ಲಾಕ್ ಆದ್ರೂ ಹೀಗೇ ವಾಂತಿ, ತಲೆನೋವು, ಮಂಪರು. ಎಚ್ಚರ ಇದ್ರೆ ಈ ಸಾಲು ಅವನೇ ಹೇಳ್ಲಿ, ಇಲ್ಲಾಂದ್ರೆ ನೀವು. ಹೇಳ್ಕೊಟ್ಟು ಬಾಯಿಪಾಠ ಮಾಡಿಸಿ, ಬೈದ್ರೆ ಬೈಯ್ಲಿ.

ಉಳಿದಿದ್ದು ಕಾಗದದ ಕೆಲಸ, ಒಂದೇ ಪುಟ. ಅಮೆರಿಕದ ಮಕ್ಕಳ ಡಾಕ್ಟರ್‌ಗಳ ಅಕಾಡೆಮಿ, ಅಲ್ಲಿನ ಎಮರ್ಜೆನ್ಸಿ ಡಾಕ್ಟರ್‌ಗಳ ಸಂಘಟನೆ ಸೇರಿ ಇಂಥ ಮಕ್ಕಳಿಗೆ ಅಂತಲೇ ಎಮರ್ಜೆನ್ಸಿ ಇನ್ಫರ್ಮೇಷನ್ ಫಾರ್ಮ್ ಅಂತ ಒಂದು ಮಾಡಿವೆ, ಅದನ್ನ ಮಾದರಿಯಾಗಿ ಇಟ್ಕೋಬಹುದು. ಕಾಯಿಲೆ, ಔಷಧಿ, ಅಲರ್ಜಿ, ಅವನು ಚೆನ್ನಾಗಿದ್ದಾಗ ಬಿಪಿ, ರಕ್ತದ ಸೋಡಿಯಂ (ಉಪ್ಪಿನಂಶ) ಎಷ್ಟಿರತ್ತೆ, ತೂಕ, ತೂಕ ನೋಡಿದ ತಾರೀಖು. ಈ ವಯಸ್ಸಲ್ಲಿ ಆರು ತಿಂಗಳ ಹಿಂದಿನ ತೂಕ ಉಪಯೋಗಕ್ಕಿಲ್ಲ. ಎಮರ್ಜೆನ್ಸಿ ಇಂಜೆಕ್ಷನ್ ಡೋಸು ಕೂಡ 3ರಿಂದ 12 ವರ್ಷದವರಿಗೆ ಸಾಮಾನ್ಯವಾಗಿ 50 ಮಿಲಿಗ್ರಾಂ ಇದ್ರೆ 12 ದಾಟಿದ ಮೇಲೆ 100, ನಿಮ್ಮ ಹತ್ರ ಇರೋ ಚೀಟಿ ಯಾವ ಕಾಲದ್ದು ನೋಡಿ, ಹಾರ್ಮೋನ್ ಡಾಕ್ಟರ್ ಹತ್ರ ಹೊಸದಾಗಿ ಬರೆಸಿ, ಸೈನು ಸೀಲು ಸಮೇತ. ಡೆಸ್ಮೊಪ್ರೆಸಿನ್ ತಗೊಳ್ಳೋರಿಗೆ ಡ್ರಿಪ್ ಹಾಕೋವಾಗ ಸೋಡಿಯಂ ಮೇಲೆ ಕಣ್ಣಿಡ್ಬೇಕು, ಅದೂ ಅದರಲ್ಲೇ ಇರ್ಲಿ. ರಾತ್ರಿ ಪಾಳಿ ಡಾಕ್ಟರ್‌ಗೆ ನಿಮ್ಮ ಮಾತಿಗಿಂತ ಆ ಸೀಲಿನ ಮೇಲೆ ನಂಬಿಕೆ ಜಾಸ್ತಿ, ಬೇಜಾರಾಗತ್ತೆ, ಆದ್ರೆ ಅದು ಹಾಗೇ.

ಇನ್ನು ಗದರಿದ ವಿಷಯ. ಡಾಕ್ಟರ್ ಕೇಳಿದ್ದು ಇವತ್ತು ಎಷ್ಟು ಸಲ ಮೂತ್ರಕ್ಕೆ ಹೋದೆ ಅಂತ, ಪಕ್ಕದ ಬೆಡ್ಡಿಗೆ ಅಡ್ಡ ಇದ್ದಿದ್ದು ಒಂದು ಪರದೆ, ನೀವು ಜೋರಾಗಿ ಲೆಕ್ಕ ಒಪ್ಪಿಸಿದ್ರಿ (ನೀವೇ ಬರೆದಿದ್ದೀರಿ). 15 ವರ್ಷದ ಹುಡುಗ ಮೇಡಂ ಅವನು. ನಾನು ಅವನ ಪಾರ್ಟಿ. ಇಂಜೆಕ್ಷನ್ ಆಗಿ ಸ್ವಲ್ಪ ಸುಧಾರಿಸಿದ ಮೇಲೆ "ನಾನು ಐದು ನಿಮಿಷ ಹೊರಗಿರ್ತೀನಿ, ನೀವಿಬ್ರೂ ಮಾತಾಡಿ" ಅಂತ ಡಾಕ್ಟರ್‌ಗೆ ನೀವೇ ಹೇಳಿ. ಮರ್ಯಾದೆಗೆ ಮಾತ್ರ ಅಲ್ಲ ಇದು. ಈ ವಯಸ್ಸಲ್ಲಿ ಮಾತ್ರೆ ತಪ್ಪಿಸೋದು ತುಂಬಾ ಕಾಮನ್, ನಿನ್ನೆ ಮೊನ್ನೆ ನುಂಗಿಲ್ಲ ಅನ್ನೋದನ್ನ ನಿಮ್ಮ ಮುಂದೆ ಖಂಡಿತ ಹೇಳಲ್ಲ, ನೀವಿಲ್ಲದಾಗ ಹೇಳಬಹುದು, ಡಾಕ್ಟರ್‌ಗೆ ಎಲ್ಲಕ್ಕಿಂತ ಮೊದಲು ಬೇಕಾಗಿರೋದೇ ಆ ಮಾತು. ಆಮೇಲೆ ಏನು ಹೇಳ್ದ ಅಂತ ಕೆದಕೋಕೆ ಹೋಗ್ಬೇಡಿ.

ಭಾನುವಾರ ಹತ್ತು ಗಂಟೆವರೆಗೂ ಮಲಗಿದ್ರೆ ಅದು ನಿದ್ದೇನಾ ಮಂಪರಾ ಅಂತ ಭಯ ಆಗತ್ತೆ ಅಂದಿದ್ದೀರಿ. ಅನುಮಾನ ಬಂದ್ರೆ ಎಬ್ಬಿಸಿ ಕೂರಿಸಿ, ಬೈಸ್ಕೊಳ್ಳಿ. ನೆಟ್ಟಗೆ ಪೂರ್ತಿ ವಾಕ್ಯದಲ್ಲಿ ಬೈದ್ರೆ ಸ್ವಲ್ಪ ಉಸಿರು ಬಿಡಬಹುದು, ಮಾತು ತೊದಲಿದ್ರೆ, ಕೂತಲ್ಲೇ ವಾಲಿದ್ರೆ ಕಾಯ್ಬೇಡಿ.

ಅವನೇ ಇಂಜೆಕ್ಷನ್ ಹಾಕ್ಕೊಳ್ಳೋದು ಕಲಿಬಹುದಾ ಅನ್ನೋದಕ್ಕೆ, ಕಲಿಬೇಕು. ಡೇಟ್ ಮುಗಿದ ವೈಯಲ್ ಎಸೀಬೇಡಿ, ಅದರಲ್ಲೇ ಔಷಧಿ ಕಲಸೋದು, ಸಿರಿಂಜಿಗೆ ಎಳೆಯೋದು ನರ್ಸ್ ಮುಂದೆ ಪ್ರಾಕ್ಟೀಸ್ ಮಾಡ್ಲಿ, ಚುಚ್ಚೋದಕ್ಕೆ ಒಂದು ಕಿತ್ತಳೆ ಹಣ್ಣು ಸಾಕು. ನಿಜವಾದ ಜಾಗ ತೊಡೆಯ ಹೊರಭಾಗ. ಹಾಕ್ಕೊಂಡ ಮೇಲೂ ಆಸ್ಪತ್ರೆಗೆ ಹೋಗ್ಲೇಬೇಕು, ಅದನ್ನ ಅವನ ತಲೇಲಿ ಕೂರಿಸಿ. ಅವನ ಜೊತೆಗೆ ಒಬ್ಬ ಫ್ರೆಂಡೂ ಕಲಿತ್ರೆ ಇನ್ನೂ ಒಳ್ಳೇದು, ಆ ಫ್ರೆಂಡ್ ಯಾರು ಅನ್ನೋದನ್ನ ಅವನೇ ಆರಿಸ್ಲಿ, ನೀವಲ್ಲ.

– ಸಂ.