ಓದುಗರ ಪ್ರಶ್ನೆ: ಕೈತೋಟದಲ್ಲಿ ಕುಸುಬೆ

ಕುಸುಬೆಯನ್ನು ಮನೆಯಂಗಳದಲ್ಲಿ ಬೆಳೆಯುವ ಬಗ್ಗೆ ಬಂದಿರುವ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಅವುಗಳಲ್ಲಿ ಹೆಚ್ಚಿನವು ನೀರಿಗೆ ಸಂಬಂಧಿಸಿದವು. ಅದು ಸಹಜವೇ, ಏಕೆಂದರೆ ಈ ಗಿಡ ಬರಕ್ಕಿಂತ ಹೆಚ್ಚಾಗಿ ಅತಿಯಾದ ಆರೈಕೆಯಿಂದ ಸಾಯುತ್ತದೆ.

ಪ್ರಶ್ನೆ: ಹಕ್ಕಿಗಳಿಗೆಂದು ತಂದ ಕುಸುಬೆ ಕಾಳನ್ನು ಬಿತ್ತಬಹುದೇ? ಮೊದಲು ಟ್ರೇಯಲ್ಲಿ ಸಸಿ ಮಾಡಿಕೊಳ್ಳಬೇಕೇ?

ಉತ್ತರ: ಬಿತ್ತಬಹುದು, ಆದರೆ ಮೊದಲು ಪರೀಕ್ಷಿಸಿ ನೋಡುವುದು ಒಳ್ಳೆಯದು. ಅಂತಹ ಕಾಳು ಹಳೆಯದಾಗಿರಬಹುದು ಅಥವಾ ಮೊಳೆಯದಂತೆ ಬಿಸಿ ಮಾಡಿದ್ದಾಗಿರಬಹುದು. 10 ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ವಾರ ಬೆಚ್ಚಗಿನ ಜಾಗದಲ್ಲಿಡಿ. ಏಳೆಂಟಾದರೂ ಮೊಳೆತರೆ ಬಿತ್ತನೆಗೆ ಯೋಗ್ಯ. ಎಣ್ಣೆಗಾಗಿ ಬೆಳೆಯುವ ತಳಿಗಳು ಸಾಮಾನ್ಯವಾಗಿ ಮುಳ್ಳಿನವು. ಮಕ್ಕಳು ಓಡಾಡುವ ಅಂಗಳವಾದರೆ ಮುಳ್ಳಿಲ್ಲದ ತಳಿಯ ಬೀಜವನ್ನೇ ಹುಡುಕಿ ತರುವುದು ಮೇಲು.

ಸಸಿ ಮಾಡಿ ನಾಟಿ ಮಾಡುವುದು ಬೇಡ. ಮೊಳಕೆಯೊಡೆದ ಕೆಲವೇ ದಿನಗಳಲ್ಲಿ ತಾಯಿಬೇರು ನೇರವಾಗಿ ಕೆಳಗಿಳಿಯುತ್ತದೆ. ಟ್ರೇಯ ತಳಕ್ಕೆ ತಾಗಿ ಅದು ಒಮ್ಮೆ ಬಾಗಿತೆಂದರೆ, ಆಳದ ತೇವವನ್ನು ಹುಡುಕಿ ಹೋಗುವ ಶಕ್ತಿಯೇ ಕುಂದುತ್ತದೆ. ದಿನವಿಡೀ ಬಿಸಿಲು ಬೀಳುವ, ನೀರು ನಿಲ್ಲದ ಮಡಿಯಲ್ಲಿ ಕಾಳನ್ನು ಸುಮಾರು 3 ಸೆಂಟಿಮೀಟರ್ ಆಳಕ್ಕೆ ಊರಿ, ಗಿಡದಿಂದ ಗಿಡಕ್ಕೆ 20ರಿಂದ 30 ಸೆಂಟಿಮೀಟರ್, ಸಾಲಿನಿಂದ ಸಾಲಿಗೆ 45 ಸೆಂಟಿಮೀಟರ್ ಬಿಡಿ. ಕುಂಡವೇ ಗತಿ ಎನ್ನುವವರು ಕನಿಷ್ಠ 40 ಸೆಂಟಿಮೀಟರ್ ಆಳದ ಕುಂಡವನ್ನು ಆರಿಸಿಕೊಳ್ಳಿ.

ಪ್ರಶ್ನೆ: ಬಿತ್ತನೆಗೆ ಸರಿಯಾದ ಕಾಲ ಯಾವುದು?

ಉತ್ತರ: ಕೊಯ್ಲಿನಿಂದ ಹಿಂದಕ್ಕೆ ಲೆಕ್ಕ ಹಾಕಿ. ಬಿತ್ತನೆಯಿಂದ ಕೊಯ್ಲಿಗೆ ಸುಮಾರು 110ರಿಂದ 150 ದಿನಗಳು ಬೇಕು. ಗಿಡದ ಎಳವೆ ತಂಪಿನಲ್ಲಿ ಕಳೆದು, ಹೂ ಬಿಡುವ ಮತ್ತು ಕಾಳು ಬಲಿಯುವ ಹೊತ್ತು ಮಳೆಯಿಲ್ಲದ ಒಣಹವೆಯಲ್ಲಿ ಬೀಳಬೇಕು. ಮಣ್ಣಿನ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇದ್ದರೂ ಮೊಳಕೆ ಬರುತ್ತದೆ, ಆದರೆ ಎರಡು ವಾರವೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. 15 ಡಿಗ್ರಿಗಿಂತ ಮೇಲಿದ್ದರೆ ವಾರದೊಳಗೆ ಅಥವಾ ಅದರ ಆಸುಪಾಸಿನಲ್ಲಿ ಎಳೆಯ ಸಸಿ ಮಣ್ಣಿನಿಂದ ಮೇಲೆ ಬರುತ್ತದೆ.

ಪ್ರಶ್ನೆ: ಬಿತ್ತಿ ತಿಂಗಳಾಯಿತು. ಎಲೆಗಳು ನೆಲಕ್ಕೆ ಅಂಟಿಕೊಂಡಂತೆ ಹರಡಿವೆಯೇ ಹೊರತು ಗಿಡ ಎತ್ತರವಾಗುತ್ತಿಲ್ಲ. ಗೊಬ್ಬರ ಸಾಲದೇ?

ಉತ್ತರ: ಗೊಬ್ಬರ ಹಾಕಬೇಡಿ, ನಿಮ್ಮ ಗಿಡ ಸರಿಯಾಗಿಯೇ ಇದೆ. ಕುಸುಬೆ ಮೊದಲ ಮೂರು ನಾಲ್ಕು ವಾರ ಹೀಗೆ ಎಲೆಗಳನ್ನು ನೆಲದ ಮೇಲೆ ಚಕ್ರದಂತೆ ಹರಡಿ ಕೂತಿರುತ್ತದೆ, ಚಳಿಯೂ ಚಿಕ್ಕ ಹಗಲೂ ಸೇರಿದರೆ ಇನ್ನೂ ಬಹಳ ಕಾಲ ಹೀಗೆಯೇ ಇರಬಹುದು. ಮೇಲೆ ಏನೂ ನಡೆಯದಂತೆ ಕಾಣುವ ಈ ದಿನಗಳಲ್ಲಿಯೇ ಬೇರು ಕೆಳಗಿಳಿಯುತ್ತಿರುತ್ತದೆ. ಸಡಿಲವಾದ ಆಳದ ಮಣ್ಣಿದ್ದರೆ ಪೂರ್ತಿ ಬೆಳೆದ ಗಿಡದ ಬೇರು 2 ಮೀಟರಿಗೂ ಕೆಳಗೆ ಹೋಗಬಲ್ಲದು. ಈ ಹಂತದಲ್ಲಿರುವ ಗಿಡ ಹಗುರವಾದ ಹಿಮವನ್ನೂ ತಡೆದುಕೊಳ್ಳುತ್ತದೆ. ಕಾಂಡ ಎದ್ದ ಮೇಲೆ ಆ ತಾಳಿಕೆ ಉಳಿಯುವುದಿಲ್ಲ.

ಈ ಹೊತ್ತಿನಲ್ಲಿ ನೀವು ಮಾಡಬೇಕಾದ ಕೆಲಸ ಕಳೆ ಕೀಳುವುದು. ನೆಲಕ್ಕೊರಗಿದ ಸಸಿಯ ಮೇಲೆ ಕಳೆಯ ನೆರಳು ಬಿದ್ದರೆ ಅದು ಮತ್ತೆ ಚೇತರಿಸಿಕೊಳ್ಳುವುದು ಕಷ್ಟ. ನಡುವಿನಿಂದ ಕಾಂಡ ಮೇಲೆದ್ದ ಬಳಿಕ ಬೆಳವಣಿಗೆ ಎಷ್ಟು ಚುರುಕಾಗುತ್ತದೆಂದರೆ, ಕೆಲವೇ ವಾರಗಳಲ್ಲಿ ಕವಲೊಡೆದು ಮೊಗ್ಗು ಕಾಣಿಸಿಕೊಳ್ಳುತ್ತದೆ. ಬಿತ್ತುವ ಮೊದಲು ಚೆನ್ನಾಗಿ ಕೊಳೆತ ಕಾಂಪೋಸ್ಟನ್ನು ಮಣ್ಣಿಗೆ ಬೆರೆಸಿದ್ದರೆ ಅಷ್ಟೇ ಸಾಕು. ಸಾರಜನಕ ಹೆಚ್ಚಾದ ಗಿಡ ಸೊಂಪಾಗಿ ಬೆಳೆದು ನೆಲಕ್ಕೊರಗುತ್ತದೆ, ಸಸ್ಯಹೇನನ್ನೂ ಕರೆದುಕೊಳ್ಳುತ್ತದೆ.

ಪ್ರಶ್ನೆ: ದಿನವೂ ತಪ್ಪದೆ ನೀರು ಹಾಕುತ್ತಿದ್ದರೂ ಮೊಗ್ಗು ಬಂದ ಗಿಡಗಳು ಒಂದೊಂದಾಗಿ ಬಾಡುತ್ತಿವೆ. ಇನ್ನೂ ಹೆಚ್ಚು ನೀರು ಬೇಕೇ?

ಉತ್ತರ: ದಯವಿಟ್ಟು ಇಂದೇ ನೀರು ನಿಲ್ಲಿಸಿ. ಬಾಡಿದ ಒಂದು ಗಿಡವನ್ನು ಕಿತ್ತು, ಬೇರನ್ನು ತೊಳೆದು, ಬುಡದ ಭಾಗವನ್ನು ಬೆರಳುಗಳ ನಡುವೆ ಒತ್ತಿ ನೋಡಿ. ಬಿಳಿಚಿಕೊಂಡು ಗಟ್ಟಿಯಾಗಿರಬೇಕಾದ ಬೇರು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ, ಸಿಪ್ಪೆ ಸುಲಭವಾಗಿ ಜಾರಿ ಬರುತ್ತಿದ್ದರೆ, ಅದು ಬೇರುಕೊಳೆ ರೋಗ. ಬೆಚ್ಚಗಿನ ಹವೆಯಲ್ಲಿ ಬುಡದ ಸುತ್ತ ನೀರು ನಿಂತರೆ ಮಣ್ಣಿನಲ್ಲಿರುವ ರೋಗಾಣುಗಳು ಬೇರಿಗೆ ಬೇಗನೆ ನುಗ್ಗುತ್ತವೆ. ಬೇರು ಕೊಳೆತ ಗಿಡಕ್ಕೆ ನೀರನ್ನು ಎಳೆದುಕೊಳ್ಳಲಾಗದ್ದರಿಂದ ಅದು ಬಾಯಾರಿದ ಗಿಡದಂತೆಯೇ ಕಾಣುತ್ತದೆ. ಅದನ್ನು ನೋಡಿ ಮರುಕದಿಂದ ಮತ್ತಷ್ಟು ನೀರು ಹಾಕಿದಾಗ ಪಕ್ಕದ ಗಿಡಗಳೂ ಹೋಗುತ್ತವೆ. ರೋಗ ತಗುಲಿದವನ್ನು ಬೇರುಸಹಿತ ಕಿತ್ತು ದೂರ ಹಾಕಿ, ಆ ಮಡಿಯಲ್ಲಿ ಮೂರು ನಾಲ್ಕು ವರ್ಷ ಕುಸುಬೆ ಬಿತ್ತಬೇಡಿ.

ಉಳಿದ ಗಿಡಗಳಿಗೆ ನೀರು ಬೇಕೋ ಬೇಡವೋ ಎಂಬುದನ್ನು ಮೇಲ್ಮಣ್ಣಿನ ಬಣ್ಣ ನೋಡಿ ತೀರ್ಮಾನಿಸುವುದು ಸರಿಯಲ್ಲ. ಬೆರಳನ್ನು ಪೂರ್ತಿ ಇಳಿಸಿ ನೋಡಿ. ತುದಿಗೆ ತಂಪು ತಾಗಿದರೆ ಅಂದು ನೀರು ಬೇಡ. ಹದವಾದ ಮಣ್ಣಿನಲ್ಲಿ ಬಿತ್ತಿದ ಮೇಲೆ ಕಾಂಡ ಏಳುವಾಗ ಒಮ್ಮೆ, ಮೊಗ್ಗು ಕಟ್ಟುವಾಗ ಒಮ್ಮೆ ಬುಡಕ್ಕೆ ಆಳವಾಗಿ ಇಳಿಯುವಂತೆ ನೀರು ಕೊಟ್ಟರೆ ಅನೇಕ ಮಡಿಗಳಿಗೆ ಅಷ್ಟೇ ಸಾಕಾಗುತ್ತದೆ. ಕುಂಡದ ಗಿಡಕ್ಕೆ ಇನ್ನೂ ಕೆಲವು ಸಲ ಬೇಕಾಗಬಹುದು. ಹೂವಿನ ಮೇಲೆ ನೀರು ಸುರಿಯಬೇಡಿ, ಬೂಷ್ಟು ಹಿಡಿಯುತ್ತದೆ. ಹೂ ಬಾಡಿದ ಮೇಲೆ ನೀರನ್ನು ಪೂರ್ತಿಯಾಗಿ ನಿಲ್ಲಿಸಿ.

ಪ್ರಶ್ನೆ: ಕುಡಿಗಳ ಮೇಲೆ ಕಪ್ಪು ಹುಳಗಳು ಗುಂಪುಗಟ್ಟಿವೆ.

ಉತ್ತರ: ಅವು ಸಸ್ಯಹೇನುಗಳು. ಬೆಳಗ್ಗೆ ರಭಸವಾದ ನೀರಿನ ಧಾರೆಯಿಂದ ಕುಡಿಗಳನ್ನು ಮಾತ್ರ ತೊಳೆಯಿರಿ. ಕಡಿಮೆಯಾಗದಿದ್ದರೆ ಸೋಪಿನ ನೀರಿನಲ್ಲಿ ಕದಡಿದ ಬೇವಿನೆಣ್ಣೆಯನ್ನು ಸಂಜೆ ಸಿಂಪಡಿಸಿ. ಹೂ ಅರಳಿದ ಮೇಲೆ ಏನನ್ನೂ ಸಿಂಪಡಿಸಬೇಡಿ, ಕುಸುಬೆ ಹೂವಿಗೆ ಜೇನುನೊಣಗಳು ತುಂಬಾ ಬರುತ್ತವೆ.

ಪ್ರಶ್ನೆ: ಬಣ್ಣಕ್ಕಾಗಿ ಎಸಳು ಬಿಡಿಸಿದರೆ ಕಾಳು ಕಟ್ಟುವುದು ನಿಲ್ಲುತ್ತದೆಯೇ?

ಉತ್ತರ: ಸರಿಯಾದ ಹೊತ್ತಿಗೆ ಬಿಡಿಸಿದರೆ ಎರಡೂ ಸಿಗುತ್ತವೆ, ಮತ್ತು ಈ ಗಿಡವನ್ನು ಬೆಳೆಯುವುದರಲ್ಲಿನ ದೊಡ್ಡ ಸಂತೋಷವೇ ಅದು. ಹಳದಿಯಾಗಿ ಅರಳಿದ ಎಸಳುಗಳು ಎರಡು ಮೂರು ದಿನಗಳಲ್ಲಿ ಬುಡದಿಂದ ಕೆಂಪೇರುತ್ತಾ ಸ್ವಲ್ಪ ಜೋಲುತ್ತವೆ. ಆ ವೇಳೆಗೆ ಪರಾಗಸ್ಪರ್ಶ ಮುಗಿದಿರುವುದರಿಂದ ಎಸಳನ್ನು ಮೇಲಿನಿಂದ ಎಳೆದುಕೊಂಡರೆ ಕಾಳಿಗೆ ತೊಂದರೆಯಾಗದು. ಮುಂಜಾನೆ ಇಬ್ಬನಿಗೆ ಮುಳ್ಳು ಮೆತ್ತಗಿರುತ್ತದೆ, ಬಿಡಿಸಲು ಅದೇ ಸಮಯ. ನೆರಳಿನಲ್ಲಿ ತೆಳುವಾಗಿ ಹರಡಿ ಒಣಗಿಸಿ, ಬೆಳಕು ತಾಗದ ಡಬ್ಬಿಯಲ್ಲಿಡಿ.

ಎಸಳಿನಲ್ಲಿ ಎರಡು ಬಣ್ಣಗಳಿವೆ. ಬಟ್ಟೆಯಲ್ಲಿ ಕಟ್ಟಿ ತಣ್ಣೀರಿನಲ್ಲಿ ಮತ್ತೆ ಮತ್ತೆ ಹಿಸುಕಿದಾಗ ಹಳದಿ ಬಿಟ್ಟುಕೊಳ್ಳುತ್ತದೆ. ಹಳದಿ ಬರುವುದು ನಿಂತ ಮೇಲೆ ಅದೇ ಎಸಳನ್ನು ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ನೆನೆಸಿ ಹಿಂಡಿ, ಆ ನೀರಿಗೆ ನಿಂಬೆರಸ ಬೆರೆಸಿ ಹತ್ತಿಬಟ್ಟೆಯನ್ನು ಅದ್ದಿದರೆ ಗುಲಾಬಿಯಿಂದ ಕೆಂಪಿನವರೆಗಿನ ಬಣ್ಣ ಹಿಡಿಯುತ್ತದೆ. ಕಾಯಿಸಬೇಡಿ, ಶಾಖಕ್ಕೆ ಕೆಂಪು ಕೆಡುತ್ತದೆ. ಬಿಸಿಲಿಗೂ ಬೇಗ ಮಾಸುತ್ತದೆ.

ಪ್ರಶ್ನೆ: ಕೊಯ್ಲು ಯಾವಾಗ? ಮನೆಯಲ್ಲಿಯೇ ಎಣ್ಣೆ ತೆಗೆಯಬಹುದೇ?

ಉತ್ತರ: ಹೂ ಬಾಡಿದ ನಾಲ್ಕೈದು ವಾರಗಳಲ್ಲಿ ಎಲೆಗಳೆಲ್ಲ ಒಣಗಿ ಕಂದಾಗುತ್ತವೆ. ಒಂದು ಹೂತಲೆಯನ್ನು ದಪ್ಪ ಕೈಗವಸಿನಲ್ಲಿ ಹಿಡಿದು ಉಜ್ಜಿ. ಬಿಳಿಯ ಗಟ್ಟಿಕಾಳು ಸಲೀಸಾಗಿ ಉದುರಿದರೆ ಕೊಯ್ಯಬಹುದು. ಬಲಿತ ಕಾಳು ತಾನಾಗಿ ಸಿಡಿದು ಚೆಲ್ಲುವುದಿಲ್ಲವಾದ್ದರಿಂದ ಆತುರಪಡಬೇಕಾಗಿಲ್ಲ, ಆದರೆ ಮಳೆ ಬರುವಂತಿದ್ದರೆ ತಡಮಾಡಬೇಡಿ, ನೆನೆದ ಕಾಳು ಹೂತಲೆಯಲ್ಲಿಯೇ ಮೊಳೆಯುತ್ತದೆ. ಕೊಯ್ದ ಗಿಡಗಳನ್ನು ಬಟ್ಟೆಯ ಮೇಲೆ ಒಣಗಿಸಿ, ಕೋಲಿನಿಂದ ಬಡಿದು, ತೂರಿಕೊಳ್ಳಿ.

ಎಣ್ಣೆಯ ಆಸೆಯನ್ನು ಕೈತೋಟದ ಮಟ್ಟಿಗೆ ಬಿಡುವುದೇ ಸರಿ. ಕಾಳಿನ ತೂಕದಲ್ಲಿ ಸುಮಾರು ಮೂರನೆಯ ಒಂದು ಭಾಗ ಅಥವಾ ತುಸು ಹೆಚ್ಚು ಎಣ್ಣೆಯಿದ್ದರೂ, ಗಟ್ಟಿ ಸಿಪ್ಪೆಯೊಳಗಿನ ಅದನ್ನು ಗಾಣವಿಲ್ಲದೆ ಹಿಂಡುವುದು ಕಷ್ಟ. ಒಂದು ಹೂತಲೆಯಲ್ಲಿ ಸಿಗುವುದು ಹತ್ತಾರು ಕಾಳು ಮಾತ್ರ. ಅದರಲ್ಲಿ ಮುಖ್ಯ ಕಾಂಡದ ತುದಿಯ ಹೂತಲೆಯಿಂದ ಬಂದ ದುಂಡುಕಾಳನ್ನು ಬೇರೆ ಮಾಡಿ, ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಕಡೆ ಮುಂದಿನ ಬಿತ್ತನೆಗೆ ಇಟ್ಟುಕೊಳ್ಳಿ.