ಆಲೆಮನೆಯ 600 ಫೋಟೊಗಳಲ್ಲಿ ಯಾವ 15?

ಪ್ರಶ್ನೆ: ಮಂಡ್ಯದ ಹತ್ತಿರ ನಮ್ಮ ಸೋದರಮಾವನ ಆಲೆಮನೆ ಇದೆ. ಅಲ್ಲಿ 600 ಫೋಟೊ ತೆಗೆದಿದ್ದೇನೆ. ಊರ ಹಬ್ಬದಲ್ಲಿ 15 ಮಾತ್ರ ಇಡಬಹುದು. ಚೆನ್ನಾಗಿರೋ 15 ಆರಿಸಿ ಜೋಡಿಸಿದೆ. ಅದರಲ್ಲಿ ಕೊಪ್ಪರಿಗೆ ಹಬೆಯವೇ ಐದು. ಕಥೆ ಮಾತ್ರ ಬರ್ತಿಲ್ಲ. ಏನು ಮಾಡಲಿ?

ಉತ್ತರ: ‘ಚೆನ್ನಾಗಿರೋ 15’ ಅಂದಿರಲ್ಲ, ತೊಡಕು ಅಲ್ಲೇ ಇದೆ. ಹಬೆಯ ಫೋಟೊ ಐದೂ ಚೆನ್ನಾಗಿರಬಹುದು. ಆದರೆ ಐದೂ ಹೇಳೋದು ಒಂದೇ ಮಾತು. ಒಂದು ಸಾಕು. ಹೆಸರಾಂತ ಫೋಟೊಗ್ರಾಫರ್ ರಾಬರ್ಟ್ ಫ್ರಾಂಕ್ 1955–56ರಲ್ಲಿ ಅಮೆರಿಕ ಸುತ್ತಿ ಸುಮಾರು 27 ಸಾವಿರ ಫೋಟೊ ತೆಗೆದರು. ಪುಸ್ತಕಕ್ಕೆ ಉಳಿಸಿಕೊಂಡಿದ್ದು 83.

ಮೊದಲು ಇದು ಯಾರ ಕಥೆ ಅಂತ ತೀರ್ಮಾನಿಸಿ. ಗಾಣ, ಕಬ್ಬಿನ ಹಾಲು, ಕೊಪ್ಪರಿಗೆ, ಅಚ್ಚು ಅಂತ ಸಾಲಾಗಿ ಇಟ್ಟರೆ ಅದು ಬೆಲ್ಲದ ಕಥೆ. ಮಂಡ್ಯದವರಿಗೆ ಅದನ್ನು ಹೊಸದಾಗಿ ಹೇಳಬೇಕಾ? ನಾನಾಗಿದ್ದರೆ ಮಾವನ ಕಥೆ ಹೇಳುತ್ತಿದ್ದೆ.

ಆ ಕಥೆಯ ನಡುಮಧ್ಯೆ ಒಂದು ಗಳಿಗೆ ಇದೆ. ಪಾಕವನ್ನು ಒಂದಿಷ್ಟು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಹದ ನೋಡುತ್ತಾರಲ್ಲ, ಅದು. ಹದ ತಪ್ಪಿದರೆ ಇಡೀ ಕೊಪ್ಪರಿಗೆ ಕೆಟ್ಟಿತು. ಆ ಫೋಟೊವನ್ನು ಒಂಬತ್ತನೆಯದೋ ಹತ್ತನೆಯದೋ ಮಾಡಿ. ಅದಕ್ಕೆ ಮುಂಚೆ ನಿಧಾನ ಇರಲಿ: ಕಾಯುವ ಮುಖ, ಒಲೆಗೆ ಸಿಪ್ಪೆ ತುಂಬುವ ಕೈ, ಗೂಟಕ್ಕೆ ತೂಗುಹಾಕಿದ ಟವೆಲ್. ಹದ ಬಂದ ಮೇಲೆ ಅಲ್ಲಿ ಯಾರೂ ಸುಮ್ನೆ ನಿಲ್ಲೋದಿಲ್ಲ. ಹಾಗಾಗಿ ಆಮೇಲಿನ ಫೋಟೊಗಳಲ್ಲೂ ಓಟ ಕಾಣಲಿ.

600ನ್ನು 60ಕ್ಕೆ ಇಳಿಸಿ, ಪುಟ್ಟ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ಮೊಬೈಲಲ್ಲಿ ಈ ಕೆಲಸ ಆಗೋದಿಲ್ಲ. ಒಂದು ಫೋಟೊ ಪಕ್ಕ ಇನ್ನೊಂದು ಇಟ್ಟಾಗ ಎರಡರ ಅರ್ಥವೂ ಬದಲಾಗುತ್ತದೆ. ಗಾಣದ ಬಾಯಿಗೆ ಹೋಗುವ ಕಬ್ಬಿನ ಪಕ್ಕ ಮಾವನ ಸುಕ್ಕುಗಟ್ಟಿದ ಕೈ ಇಟ್ಟು ನೋಡಿ. ದೂರದ ನೋಟದ ಪಕ್ಕ ಹತ್ತಿರದ್ದು ಬರಲಿ. ಎರಡೂ ಒಂದೇ ದೂರದಿಂದ ತೆಗೆದವಾದರೆ ಕಣ್ಣು ನಿಲ್ಲದೆ ಜಾರಿಬಿಡುತ್ತದೆ.

ಕೆಸರಲ್ಲಿ ಮಂಡಿಯೂರಿ ತೆಗೆದದ್ದು ಅನ್ನೋ ಕಾರಣಕ್ಕೆ ಯಾವುದನ್ನೂ ಉಳಿಸಬೇಡಿ. ನಿಮ್ಮ ಕಷ್ಟ ಗೋಡೆ ಮೇಲೆ ಕಾಣೋದಿಲ್ಲ. ಆಲೆಮನೆ ನೋಡದ ಗೆಳೆಯರೊಬ್ಬರನ್ನು ಕರೆದು, ಏನೂ ವಿವರಿಸದೆ ಈ ಸಾಲು ತೋರಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಒಂದು ಫೋಟೊ ಜಾಸ್ತಿಯಾಗಿದೆ, ಇಲ್ಲವೇ ಕಮ್ಮಿಯಾಗಿದೆ.

ಕೊನೆಗೆ ಸೂರ್ಯ ಮುಳುಗುವ ಫೋಟೊ ಬೇಡ. ಖಾಲಿ ಕೊಪ್ಪರಿಗೆ ತೊಳೆಯುವ ಫೋಟೊ ಇದ್ದರೆ ಅದನ್ನು ಇಡಿ. ಇಲ್ಲದಿದ್ದರೆ ಇನ್ನೊಂದು ಸಲ ಆಲೆಮನೆಗೆ ಹೋಗಿ ಬನ್ನಿ.