ಎರಡು ವರ್ಷದ ಮಗು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ, ಮನೆಯಲ್ಲಿ ಏನು ಮಾಡಬೇಕು?

ಮೊದಲು ಕಿವಿ ಪರೀಕ್ಷೆ ಮಾಡಿಸಿ. ಸಪ್ಪಳಕ್ಕೆ ತಿರುಗಿ ನೋಡುವ ಮಗುವಿಗೂ ಮೆಲ್ಲನೆಯ ಮಾತು ಸ್ಪಷ್ಟವಾಗಿ ಕೇಳದಿರಬಹುದು. ಪದೇಪದೇ ನೆಗಡಿಯಾಗಿ ಕಿವಿತಮಟೆಯ ಹಿಂದೆ ನೀರು ನಿಂತರೂ ಹೀಗಾಗುತ್ತದೆ. ಈ ವಯಸ್ಸಿಗೆ ಸುಮಾರು 50 ಪದ, "ಅವ್ವಾ ಬಾ" ಎನ್ನುವಂಥ ಎರಡು ಪದಗಳ ಜೋಡಣೆ ಬಂದಿರಬೇಕು. ಬೆಳಗಾವಿಯ ಎಷ್ಟೋ ಮನೆಗಳಲ್ಲಿ ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುತ್ತವೆ. ಎರಡರ ಪದಗಳನ್ನೂ ಕೂಡಿಸಿ ಎಣಿಸಿ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ, ಒಂದನ್ನು ನಿಲ್ಲಿಸುವ ಅಗತ್ಯವೇ ಇಲ್ಲ.

ಕಲಿಸಲು ಊಟದ ಹೊತ್ತೇ ಒಳ್ಳೆಯದು. ಮೊಬೈಲ್ ತೋರಿಸಿ ತುತ್ತಿಡುವ ರೂಢಿ ಬಿಡಿ: ಕಣ್ಣು ಅದರಲ್ಲೇ ನೆಟ್ಟಾಗ ಮಗು ನಿಮ್ಮ ಬಾಯಿ ನೋಡುವುದಿಲ್ಲ, ಕೇಳಿ ಪಡೆಯುವ ಪ್ರಮೇಯವೂ ಬರುವುದಿಲ್ಲ. ಎದುರಿಗೆ ಕೂಡಿಸಿಕೊಂಡು "ರೊಟ್ಟಿ ಬೇಕೇನ, ಮೊಸರ ಬೇಕೇನ?" ಎಂದು ಕೇಳಿ, ಮನಸ್ಸಿನಲ್ಲೇ ಐದು ಎಣಿಸುವವರೆಗೆ ಸುಮ್ಮನಿರಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಮಗು ಬಾಯಿ ತೆರೆಯುವ ಮೊದಲೇ ಯಾರಾದರೂ ಕೊಟ್ಟುಬಿಡುತ್ತಾರೆ. "ಒಟ್ಟಿ" ಎಂದರೆ ನಗಬೇಡಿ, ತಿದ್ದಲೂಬೇಡಿ. "ಹೌದ, ಬಿಸಿ ರೊಟ್ಟಿ" ಎಂದು ಒಂದು ಪದ ಸೇರಿಸಿ ಹೇಳಿ.

ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಎರಡು ವರ್ಷದ ಮಗುವಿಗೆ ಟಿವಿ, ಮೊಬೈಲ್ ಸೇರಿ ದಿನಕ್ಕೆ 1 ಗಂಟೆ ಮೀರಬಾರದು. ನಿದ್ದೆ ಹಗಲಿನದೂ ಸೇರಿ 11ರಿಂದ 14 ಗಂಟೆ ಬೇಕು.

ಬಜೆ ತೇಯ್ದು ನೆಕ್ಕಿಸುತ್ತ ತಿಂಗಳುಗಟ್ಟಲೆ ಕಾಯಬೇಡಿ. ಅಂಗನವಾಡಿಗೆ ಬಂದು ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರಿ ಆರ್‌ಬಿಎಸ್‌ಕೆ ತಂಡಕ್ಕೆ ತೋರಿಸಿದರೆ ಜಿಲ್ಲಾ ಆಸ್ಪತ್ರೆಗೆ ಬರೆದು ಕಳಿಸುತ್ತಾರೆ, ತಪಾಸಣೆ ಉಚಿತ.